ಕ್ಯೋಟೋದ ಮಗ್ಗ, ಮೊಳಕಾಲ್ಮೂರಿನ ಮಗ್ಗ

ಜಪಾನಿನ ನಗರಗಳ ಬಗ್ಗೆ ಪಾಠ ಮಾಡುವಾಗ ಬುಲೆಟ್ ರೈಲನ್ನೂ ಕಿಮೋನೊವನ್ನೂ ಒಟ್ಟಿಗೆ ಹೇಳುವುದು ವಾಡಿಕೆ. ಹಳೆಯದೂ ಹೊಸದೂ ಅಲ್ಲಿ ಹೇಗೆ ಕೂಡಿಕೊಂಡವು ಎಂಬುದನ್ನು ಹೇಳುವುದು ಕಡಿಮೆ. ರೇಷ್ಮೆ ನೇಯುವ ಮೊಳಕಾಲ್ಮೂರಿನವರಿಗೆ ಈ ಪ್ರಶ್ನೆ ದೂರದ್ದಲ್ಲ.

ಕ್ಯೋಟೋ ನಗರದಲ್ಲಿ ನಿಶಿಜಿನ್ ಎಂಬುದು ನೇಕಾರರ ಕೇರಿ. ಶತಮಾನಗಳ ಕಾಲ ಅರಮನೆಗೂ ಶ್ರೀಮಂತರಿಗೂ ಅಲ್ಲಿಂದ ರೇಷ್ಮೆ ಬಟ್ಟೆ ಹೋಗುತ್ತಿತ್ತು. 1869ರಲ್ಲಿ ಚಕ್ರವರ್ತಿಯ ವಾಸ ಟೋಕಿಯೋಗೆ ಬದಲಾದ ಮೇಲೆ ಗಿರಾಕಿಗಳು ಕಡಿಮೆಯಾದರು. ಕೇರಿಯವರು ಕೈಕಟ್ಟಿ ಕೂರಲಿಲ್ಲ. 1872ರಲ್ಲಿ ಆಡಳಿತದ ನೆರವಿನಿಂದ ಕಸುಬು ಬಲ್ಲ ಮೂವರು ಫ್ರಾನ್ಸಿನ ಲಿಯೋನ್ ನಗರಕ್ಕೆ ಹೋಗಿ ಜಕಾರ್ಡ್ ಮಗ್ಗದ ವಿದ್ಯೆ ಕಲಿತರು. ಅದರಲ್ಲಿ ಯಾವ ಎಳೆ ಮೇಲೇಳಬೇಕೆಂದು ತೂತು ಕೊರೆದ ರಟ್ಟುಗಳೇ ತೀರ್ಮಾನಿಸುತ್ತವೆ. ಹಿಂದೆ ಆ ಕೆಲಸಕ್ಕೆಂದೇ ಒಬ್ಬರು ಮಗ್ಗದ ಮೇಲೆ ಕುಳಿತಿರಬೇಕಿತ್ತು. ಯಂತ್ರ ಫ್ರಾನ್ಸಿನದು, ಅದರಲ್ಲಿ ನೇಯ್ದದ್ದು ಮಾತ್ರ ಕಿಮೋನೊದ ನಡುಪಟ್ಟಿ!

ಜಪಾನ್ ನಮ್ಮಲ್ಲಿಗೂ ಬಂದಿದೆ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಿಸಿದ. ಸುಮಾರು ನೂರು ವರ್ಷಗಳ ನಂತರ ಜೆಮ್‌ಷೆಡ್‌ಜಿ ಟಾಟಾ ಬೆಂಗಳೂರಿಗೆ ಜಪಾನಿ ತಜ್ಞರನ್ನು ಕರೆಸಿ ರೇಷ್ಮೆ ತೋಟ ನಡೆಸಿದರು. 1991ರಿಂದ ಜಪಾನಿನ ಜೈಕಾ ಸಂಸ್ಥೆ ದ್ವಿತಳಿ ಗೂಡು ಬೆಳೆಸಲು ನೆರವಾಯಿತು. ಇದೆಲ್ಲ ಹುಳುವಿಗೂ ಗೂಡಿಗೂ ಆದ ಉಪಕಾರ. ನೇಕಾರನ ಮನೆಯ ತನಕ ಬಂದದ್ದು ಕಡಿಮೆ ಎಂದೇ ನನ್ನ ಅಭಿಪ್ರಾಯ.

ಮೊಳಕಾಲ್ಮೂರು ಸೀರೆಯ ಹೆಚ್ಚುಗಾರಿಕೆ ಅದರ ಅಂಚಿನಲ್ಲಿದೆ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ. ಮೂರು ಲಾಳಿ ಹಾಕಿ ಇದನ್ನು ನೇಯುವಾಗ ಪಕ್ಕದಲ್ಲಿ ಇನ್ನೊಬ್ಬರ ಕೈ ಬೇಕು. ಆ ಕೈ ಹೆಚ್ಚಾಗಿ ಮನೆಯವರದೇ, ಕೂಲಿಯ ಲೆಕ್ಕಕ್ಕೆ ಬಾರದ್ದು. ಮಗು ಶಾಲೆಗೆ ಬಂದರೆ ಮಗ್ಗಕ್ಕೆ ಒಂದು ಕೈ ಕಡಿಮೆ. ಮಗು ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೈಯ ಜಾಗಕ್ಕೆ ಏನು ಬರಬೇಕೆಂದು ನಾವು ಶಿಕ್ಷಕರೂ ಯೋಚಿಸಿಲ್ಲ. (ಬ್ರಹ್ಮಗಿರಿಯ ಅಶೋಕ ಶಾಸನಕ್ಕೆ ಪ್ರವಾಸ ಕರೆದೊಯ್ಯುವ ನಾವು ಮಕ್ಕಳಿಗೆ ಮಗ್ಗ ತೋರಿಸುವುದಿಲ್ಲ.)

ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾನೂನು 1985ರಲ್ಲಿ ಬಂತು. 2011ರಲ್ಲಿ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿತು. ಎರಡೂ ಹೆಸರನ್ನೂ ಹಕ್ಕನ್ನೂ ಕಾಯುವಂಥವು. ಕಸುಬಿಗೆ ಹೊಸದನ್ನು ಕಲಿಸುವಂಥವಲ್ಲ. ಲಿಯೋನ್‌ಗೆ ಹೋದವರು ನೇಯ್ಗೆ ಬಲ್ಲವರೇ ಆಗಿದ್ದರು. ನಮ್ಮ ನೇಕಾರರ ಮಕ್ಕಳಲ್ಲಿ ವಿನ್ಯಾಸ ಕಲಿಯಲು ಊರು ಬಿಟ್ಟವರು ಎಷ್ಟು ಮಂದಿ? ಚಳ್ಳಕೆರೆಯ ಎಣ್ಣೆ ಗಿರಣಿಗೋ ಬೆಂಗಳೂರಿಗೋ ಹೊರಟವರನ್ನಾದರೆ ಎಲ್ಲರೂ ಬಲ್ಲೆವು.