ಮುಕ್ತ ಆನ್‌ಲೈನ್ ಕೋರ್ಸ್‌ಗಳ ಕಲಿಕಾರ್ಥಿಗಳ ಅಧ್ಯಯನ

ಯಾರು ಬೇಕಾದರೂ ಸೇರಬಹುದಾದ ಆನ್‌ಲೈನ್ ಕೋರ್ಸ್‌ಗಳಿಗೆ ಯಾರು, ಏಕೆ ಸೇರುತ್ತಾರೆ ಎಂಬುದನ್ನು ಪರಿಶೀಲಿಸುವ ಶಿಕ್ಷಣ ಸಂಶೋಧನಾ ಕ್ಷೇತ್ರ. ನೋಂದಣಿ ದಾಖಲೆ, ಪ್ರಶ್ನಾವಳಿ, ಸಂದರ್ಶನ ಮತ್ತು ಪಾಠ ವೀಕ್ಷಣೆಯ ದತ್ತಾಂಶ ಇದರ ಆಕರಗಳು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2013ರ ಸಮೀಕ್ಷೆಯಲ್ಲಿ ಬಹುಪಾಲು ಕಲಿಕಾರ್ಥಿಗಳು ಆಗಲೇ ಪದವೀಧರರಾಗಿದ್ದರು. ಕುತೂಹಲ ಮತ್ತು ವೃತ್ತಿಯಲ್ಲಿ ಮುನ್ನಡೆ ಅವರ ಮುಖ್ಯ ಪ್ರೇರಣೆಗಳು. ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳ 2014ರ ವರದಿಯ ಪ್ರಕಾರ, 17 ಕೋರ್ಸ್‌ಗಳ 8,41,687 ನೋಂದಣಿಗಳಿಗೆ ದೊರೆತ ಪ್ರಮಾಣಪತ್ರಗಳು 43,196.

ಕರ್ನಾಟಕ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಐಐಟಿಗಳೊಂದಿಗೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆಯ ಪಾಲುದಾರ. ಐಐಎಂ ಬೆಂಗಳೂರು 2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ವೇದಿಕೆಯನ್ನು ಸೇರಿತು. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯಲ್ಲಿ ಅದು ನಿರ್ವಹಣಾಶಾಸ್ತ್ರದ ರಾಷ್ಟ್ರೀಯ ಸಂಯೋಜಕ ಸಂಸ್ಥೆಯಾಯಿತು. ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸ್‌ಗಳನ್ನು ‘ಸ್ವಯಂ’ ಮೂಲಕ ಓದಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ಅವಕಾಶ ನೀಡಿದ್ದರಿಂದ ಕ್ರೆಡಿಟ್ ಗಳಿಕೆಯೂ ಇಲ್ಲಿ ಪ್ರೇರಣೆಯಾಗಿದೆ.

ಮಿತಿ: ಪ್ರಮಾಣಪತ್ರಗಳ ಎಣಿಕೆಯೊಂದೇ ಕಲಿಕೆಯ ಅಳತೆಯಲ್ಲ. ತಮಗೆ ಬೇಕಾದ ಒಂದೆರಡು ಪಾಠಗಳನ್ನಷ್ಟೇ ಕಲಿತು ಹೋಗುವವರೂ ಇದ್ದಾರೆ. ನೋಂದಾಯಿತರನ್ನಷ್ಟೇ ಪ್ರಶ್ನಿಸುವ ಸಮೀಕ್ಷೆಗೆ ಇಂಗ್ಲಿಷ್, ಸಾಧನ ಅಥವಾ ನೆಟ್‌ವರ್ಕ್ ಕೊರತೆಯಿಂದ ಹೊರಗುಳಿದವರು ಸಿಗುವುದಿಲ್ಲ. ಅವರನ್ನೂ ಒಳಗೊಂಡಾಗ ಮಾತ್ರ ಈ ಅಧ್ಯಯನ ಪೂರ್ಣವಾಗುತ್ತದೆ.