ಹಳೆಯ ಟ್ರ್ಯಾಕ್ಟರ್‌ನ ಪಿ.ಟಿ.ಓ. ಶಾಫ್ಟ್ ಸಡಿಲವಾದಾಗ: ದೋಷ ಪತ್ತೆ ಹಾಗೂ ದುರಸ್ತಿ ಕ್ರಮ

ವಿಜಯನಗರದ ಕೃಷ್ಣದೇವರಾಯನು 16ನೇ ಶತಮಾನದ ಆರಂಭದಲ್ಲಿ ದಂಡೆತ್ತಿ ಬಂದ ಊರೆಂದು ಇತಿಹಾಸದಲ್ಲಿ ಹೆಸರಾದ ಉಮ್ಮತ್ತೂರು ಇಂದು ಚಾಮರಾಜನಗರ ತಾಲ್ಲೂಕಿನ ಒಂದು ಕೃಷಿ ಗ್ರಾಮ. ಇಲ್ಲಿಂದ ಗುಂಡ್ಲುಪೇಟೆಯವರೆಗೆ ಹಬ್ಬಿರುವ ಸೀಮೆಯ ರಾಗಿ, ಜೋಳ, ಹುರುಳಿ, ಅರಿಶಿನ ಮತ್ತು ಬಾಳೆಯ ಬೇಸಾಯದಲ್ಲಿ ಟ್ರ್ಯಾಕ್ಟರ್ ಈಗ ಎತ್ತಿನ ಸ್ಥಾನವನ್ನು ಬಹುಮಟ್ಟಿಗೆ ಪಡೆದಿದೆ. ಹೊಸ ಯಂತ್ರ ಕೊಳ್ಳಲಾಗದ ರೈತರು ಇಪ್ಪತ್ತು, ಮೂವತ್ತು ವರ್ಷ ಹಳೆಯ ಯಂತ್ರಗಳನ್ನೇ ದುರಸ್ತಿ ಮಾಡಿಸಿ ದುಡಿಸುವುದು ರಾಜ್ಯದೆಲ್ಲೆಡೆ ಸಾಮಾನ್ಯ. ಇಂಥ ಯಂತ್ರಗಳಲ್ಲಿ ಮೊದಲು ಸವೆಯುವ ಭಾಗಗಳಲ್ಲೊಂದು ಹಿಂಬದಿಯ ಪಿ.ಟಿ.ಓ. ಶಾಫ್ಟ್. ಅದು ಸಡಿಲಗೊಂಡರೆ ಕೆಲಸ ಕೆಡುವುದಷ್ಟೇ ಅಲ್ಲ, ಪ್ರಾಣಕ್ಕೂ ಅಪಾಯವಿದೆ.

ಪಿ.ಟಿ.ಓ. ಎಂದರೇನು?

ಎಂಜಿನ್‌ನ ಶಕ್ತಿಯನ್ನು ಚಕ್ರಗಳಿಗಲ್ಲದೆ ಹಿಂದೆ ಜೋಡಿಸಿದ ಯಂತ್ರಕ್ಕೆ ಒಯ್ಯುವ ಉಕ್ಕಿನ ದಂಡವೇ ಪಿ.ಟಿ.ಓ. ಶಾಫ್ಟ್. ರೋಟವೇಟರ್, ಒಕ್ಕಣೆ ಯಂತ್ರ, ಔಷಧ ಸಿಂಪಡಿಸುವ ಪಂಪು ಮೊದಲಾದವು ನಡೆಯುವುದು ಇದರಿಂದ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1918ರಲ್ಲಿ ಮಾರುಕಟ್ಟೆಗೆ ತಂದ 8-16 ಮಾದರಿಯ ಮೂಲಕ ಈ ವ್ಯವಸ್ಥೆ ಬಳಕೆಗೆ ಬಂತು. ಮುಂದೆ ಅಳತೆ ಮತ್ತು ವೇಗಗಳಿಗೆ ಮಾನಕ ನಿಗದಿಯಾದ ಕಾರಣ, ಒಂದು ಕಂಪನಿಯ ಟ್ರ್ಯಾಕ್ಟರಿಗೆ ಮತ್ತೊಂದು ಕಂಪನಿಯ ಉಪಕರಣವನ್ನು ಜೋಡಿಸುವುದು ಸಾಧ್ಯವಾಯಿತು.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು 35 ಮಿ.ಮೀ. ವ್ಯಾಸದ, ಆರು ಹಲ್ಲುಗಳ (ಸ್ಪ್ಲೈನ್) ಶಾಫ್ಟ್. ಇದರ ಮಾನಕ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು. ಟ್ರ್ಯಾಕ್ಟರ್‌ನ ಹಿಂದೆ ನಿಂತು ನೋಡಿದರೆ ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಈ ವೇಗದಲ್ಲಿ 30 ಅಶ್ವಶಕ್ತಿ ಹರಿದರೆ ಶಾಫ್ಟಿನ ಮೇಲೆ ಬೀಳುವ ತಿರುಚುವ ಬಲ, ಒಂದು ಮೀಟರ್ ಉದ್ದದ ಹಾರೆಯ ತುದಿಗೆ ಸುಮಾರು 40 ಕಿಲೋ ಭಾರ ತೂಗುಹಾಕಿದಷ್ಟು. ಕಲ್ಲು ತಗುಲಿದಾಗ ಅಥವಾ ತೆನೆಕಟ್ಟು ಸಿಕ್ಕಿಕೊಂಡಾಗ ಬೀಳುವ ಪೆಟ್ಟು ಇದಕ್ಕಿಂತ ಹೆಚ್ಚು.

ಸಡಿಲಿಕೆ ಎಲ್ಲಿಂದ?

‘ಶಾಫ್ಟ್ ಆಡುತ್ತಿದೆ’ ಎಂಬ ಒಂದೇ ದೂರಿನ ಹಿಂದೆ ಹಲವು ಕಾರಣಗಳಿರಬಹುದು. ಹೊರಗಿನ ಹಲ್ಲುಗಳು ಸವೆದಿರಬಹುದು. ಶಾಫ್ಟನ್ನು ಹಿಡಿದಿರುವ ಬೇರಿಂಗ್ ಹೋಗಿರಬಹುದು. ಬೇರಿಂಗನ್ನು ಸ್ಥಾನದಲ್ಲಿಡುವ ಸರ್ಕ್ಲಿಪ್ ಅಥವಾ ಹೌಸಿಂಗ್‌ನ ಬೋಲ್ಟ್ ಸಡಿಲವಾಗಿರಬಹುದು. ಒಳಗಿನ ಕಪ್ಲಿಂಗ್ ಸವೆದಿರಬಹುದು. ಎಷ್ಟೋ ವೇಳೆ ದೋಷವಿರುವುದು ಟ್ರ್ಯಾಕ್ಟರಿನಲ್ಲೇ ಅಲ್ಲ, ಉಪಕರಣಕ್ಕೆ ಸೇರಿದ ಜಾಯಿಂಟ್ ಶಾಫ್ಟಿನ ಯೋಕ್‌ನಲ್ಲಿ. ದೋಷದ ಸ್ಥಾನ ಗುರುತಿಸದೆ ಹೊಸ ಶಾಫ್ಟ್ ಕೊಳ್ಳುವುದು ಹಣ ಪೋಲು ಮಾಡಿದಂತೆ.

ಪರೀಕ್ಷೆಯ ಕ್ರಮ

ಉಪಕರಣವನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಜೇಬಿನಲ್ಲಿಟ್ಟುಕೊಳ್ಳಬೇಕು. ಬ್ರೇಕ್ ಬಿಗಿದು, ಚಕ್ರಕ್ಕೆ ಕಲ್ಲು ಕೊಟ್ಟು, ಜಾಯಿಂಟ್ ಶಾಫ್ಟನ್ನು ಕಳಚಬೇಕು. ಅನಂತರ ಹಲ್ಲುಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ತೊಳೆದು ಒರೆಸಿ ಹೀಗೆ ಪರೀಕ್ಷಿಸಬೇಕು:

1. ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿ. ಆಟ ಕೈಗೆ ತಿಳಿಯುವಂತಿದ್ದರೆ ಬೇರಿಂಗ್ ಸವೆದಿದೆ, ಇಲ್ಲವೇ ಬೇರಿಂಗ್ ಕೂರುವ ರಂಧ್ರವೇ ದೊಡ್ಡದಾಗಿದೆ.

2. ಶಾಫ್ಟನ್ನು ಹೊರಕ್ಕೆಳೆದು ಒಳಕ್ಕೆ ತಳ್ಳಿ. ಟಕ್ಕೆಂದು ಸರಿದರೆ ಸರ್ಕ್ಲಿಪ್ ಅಥವಾ ಹೌಸಿಂಗ್ ಬೋಲ್ಟುಗಳನ್ನು ಶಂಕಿಸಬೇಕು.

3. ಪಿ.ಟಿ.ಓ. ಸನ್ನೆಯನ್ನು ಚಾಲನೆಯ ಸ್ಥಾನಕ್ಕೆ ಹಾಕಿ, ಎಂಜಿನ್ ನಿಂತಿರುವಂತೆಯೇ ಶಾಫ್ಟನ್ನು ಎಡಬಲಕ್ಕೆ ತಿರುಗಿಸಿ. ಗೇರುಗಳ ಹಲ್ಲುಗಳ ನಡುವೆ ತುಸು ಆಟ ಇದ್ದೇ ಇರುತ್ತದೆ, ಅದು ದೋಷವಲ್ಲ. ಅದೇ ಮಾದರಿಯ ಸುಸ್ಥಿತಿಯ ಟ್ರ್ಯಾಕ್ಟರಿಗೆ ಹೋಲಿಸಿದಾಗ ಆಟ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಒಳಗಿನ ಕಪ್ಲಿಂಗ್ ಸವೆದಿರುವ ಸಂಭವವಿದೆ.

4. ಹಲ್ಲುಗಳ ಎರಡೂ ಮಗ್ಗುಲನ್ನು ನೋಡಿ. ಶಾಫ್ಟ್ ಒಂದೇ ದಿಕ್ಕಿನಲ್ಲಿ ತಿರುಗುವುದರಿಂದ ಭಾರ ಹೊರುವ ಮಗ್ಗುಲು ಮಾತ್ರ ಸವೆಯುತ್ತದೆ. ಸವೆಯದ ಮಗ್ಗುಲೇ ಹೋಲಿಕೆಗೆ ಸಿಗುವ ಅಳತೆಗೋಲು. ಹಲ್ಲು ಗರಗಸದಂತೆ ಚೂಪಾಗಿದ್ದರೆ, ಅಥವಾ ನೇರವಾಗಿರಬೇಕಾದ ಗೆರೆ ಹುರಿಯಂತೆ ತಿರುಚಿದ್ದರೆ ಶಾಫ್ಟನ್ನು ಬದಲಿಸಲೇಬೇಕು.

5. ಹೊಸ ಅಥವಾ ಕಡಿಮೆ ಬಳಸಿದ ಯೋಕ್ ಒಂದನ್ನು ಶಾಫ್ಟಿಗೆ ತೊಡಿಸಿ ಅಲುಗಿಸಿ. ಅದು ಸರಿಯಾಗಿ ಕುಳಿತರೆ ಹಳೆಯ ಯೋಕ್‌ನಲ್ಲೇ ದೋಷವಿದೆ. ಅದೊಂದನ್ನು ಬದಲಿಸಿದರೆ ಸಾಕು.

6. ಸೀಲಿನ ಸುತ್ತ ಎಣ್ಣೆ ಜಿನುಗಿದೆಯೇ ನೋಡಿ. ಬೇರಿಂಗ್ ಸವೆದು ಶಾಫ್ಟ್ ಆಡತೊಡಗಿದರೆ ಹೊಸ ಸೀಲ್ ಕೂಡ ಬಾಳುವುದಿಲ್ಲ. ಪದೇ ಪದೇ ಸೀಲ್ ಹೋಗುತ್ತಿದ್ದರೆ ಬೇರಿಂಗನ್ನು ಪರೀಕ್ಷಿಸುವುದೇ ಸರಿ.

ದುರಸ್ತಿ ವಿಧಾನ

ಮಾದರಿಯಿಂದ ಮಾದರಿಗೆ ರಚನೆ ಬೇರೆಯಾದರೂ, ಅನೇಕ ಹಳೆಯ ಟ್ರ್ಯಾಕ್ಟರುಗಳಲ್ಲಿ ಹಿಂಬದಿಯ ಬೋಲ್ಟುಗಳನ್ನು ಬಿಚ್ಚಿದರೆ ಬೇರಿಂಗ್ ಮತ್ತು ಸೀಲ್ ಸಹಿತ ಶಾಫ್ಟ್ ಹೊರಬರುತ್ತದೆ. ಮೊದಲು ಹಿಂಬದಿ ಹೌಸಿಂಗ್‌ನ ಎಣ್ಣೆಯನ್ನು ಶುದ್ಧ ಪಾತ್ರೆಗೆ ಇಳಿಸಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಲೋಹದ ಚೂರುಗಳಿದ್ದರೆ ಒಳಗಿನ ಗೇರುಗಳನ್ನೂ ತೆರೆದು ನೋಡಬೇಕಾದೀತು.

ಶಾಫ್ಟನ್ನು ನೇರವಾಗಿ ಎಳೆದು ತೆಗೆದು, ಒಳತುದಿಯ ಹಲ್ಲುಗಳನ್ನೂ ಸೀಲ್ ಕೂರುವ ಜಾಗವನ್ನೂ ಪರೀಕ್ಷಿಸಬೇಕು. ಆ ಜಾಗದಲ್ಲಿ ಉಗುರಿಗೆ ಸಿಗುವಂಥ ಗೀರು ಬಿದ್ದಿದ್ದರೆ ಹೊಸ ಸೀಲ್ ಸಹ ಸೋರುತ್ತದೆ. ಬೇರಿಂಗಿನ ಮೇಲೆ ಅದರ ಸಂಖ್ಯೆ ಕೊರೆದಿರುತ್ತದೆ. ಕಣ್ಣಳತೆಯಿಂದಲ್ಲ, ಆ ಸಂಖ್ಯೆ ಹೇಳಿಯೇ ಹೊಸದನ್ನು ಕೊಳ್ಳಬೇಕು. ಶಾಫ್ಟಿಗೆ ಬೇರಿಂಗ್ ಕೂರಿಸುವಾಗ ಒಳಬಳೆಯ ಮೇಲೆ ಮಾತ್ರ ಸಮನಾಗಿ ಒತ್ತಬೇಕು. ಹೊರಬಳೆಗೆ ಸುತ್ತಿಗೆಯಿಂದ ಹೊಡೆದರೆ ಹೊಸ ಬೇರಿಂಗಿನ ಗುಂಡುಗಳಿಗೇ ಪೆಟ್ಟಾಗುತ್ತದೆ. ಸೀಲಿನ ತುಟಿ ಎಣ್ಣೆಯ ಕಡೆಗೆ, ಅಂದರೆ ಒಳಮುಖವಾಗಿರಬೇಕು. ಅದನ್ನು ತೂರಿಸುವಾಗ ಹಲ್ಲುಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಗ್ರೀಸ್ ಸವರಿದರೆ ತುಟಿ ಹರಿಯುವುದಿಲ್ಲ. ಹಳೆಯ ಸರ್ಕ್ಲಿಪ್ ಮತ್ತು ಗ್ಯಾಸ್ಕೆಟ್‌ಗಳನ್ನು ಮರುಬಳಸಬಾರದು.

ಬೇರಿಂಗ್ ಕೂರುವ ರಂಧ್ರ ಹಿಗ್ಗಿದ್ದರೆ ಅಂಚಿಗೆ ಪಂಚ್ ಹೊಡೆದು ಬಿಗಿ ಮಾಡುವ ರೂಢಿಯಿದೆ. ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಲೇತ್ ಕಾರ್ಖಾನೆಯಲ್ಲಿ ರಂಧ್ರವನ್ನು ಕೊರೆಸಿ ಉಕ್ಕಿನ ಬಳೆ ಕೂರಿಸುವುದು ಶಾಶ್ವತ ಪರಿಹಾರ. ಜೋಡಣೆಯ ನಂತರ ಎಣ್ಣೆ ತುಂಬಿ, ಉಪಕರಣವಿಲ್ಲದೆ ನಿಧಾನಗತಿಯಲ್ಲಿ ಕೆಲವು ನಿಮಿಷ ಓಡಿಸಿ, ಎಂಜಿನ್ ನಿಲ್ಲಿಸಿದ ಮೇಲೆ ಸೋರಿಕೆ ಹಾಗೂ ಬಿಸಿಯನ್ನು ಪರೀಕ್ಷಿಸಬೇಕು.

ಬಿಡಿಭಾಗ ಸಿಗುವುದು ಮಾದರಿಯನ್ನು ಅವಲಂಬಿಸಿದೆ. ಎಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಇಂಥ ತಯಾರಿಕೆ ನಿಂತ ಟ್ರ್ಯಾಕ್ಟರುಗಳಿಗೆ ಹಳೆಯ ಯಂತ್ರಗಳಿಂದ ಕಳಚಿದ ಶಾಫ್ಟ್ ಕೊಳ್ಳಬೇಕಾದರೆ, ಮೇಲೆ ಹೇಳಿದ ಹಲ್ಲಿನ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿಕೊಳ್ಳುವುದು ಕ್ಷೇಮ.

ಮತ್ತೆ ಸಡಿಲವಾಗದಿರಲು

ಜಾಯಿಂಟ್ ಶಾಫ್ಟ್ ಉದ್ದವಾಗಿದ್ದರೆ ಉಪಕರಣ ಎತ್ತಿ ಇಳಿಸುವಾಗ ಅದು ಪಿ.ಟಿ.ಓ. ಶಾಫ್ಟನ್ನು ಒಳಕ್ಕೆ ಗುದ್ದಿ ಬೇರಿಂಗನ್ನು ಕೆಡಿಸುತ್ತದೆ. ಅತಿ ಗಿಡ್ಡವಾಗಿದ್ದರೆ ಕೊಳವೆಗಳು ಕಳಚಿಕೊಳ್ಳುತ್ತವೆ. ಅದರ ನಡುಭಾಗದ ಎರಡು ಯೋಕ್‌ಗಳ ಕಿವಿಗಳು ಒಂದೇ ಸಮತಲದಲ್ಲಿರಬೇಕು; ತಪ್ಪಿದರೆ ಕಂಪನ ಹುಟ್ಟಿ ಹಲ್ಲುಗಳು ಸವೆಯುತ್ತವೆ. ಸಾಲಿನ ಕೊನೆಯಲ್ಲಿ ರೋಟವೇಟರ್ ಎತ್ತುವ ಮೊದಲು ಪಿ.ಟಿ.ಓ. ನಿಲ್ಲಿಸಬೇಕು. ಅತಿಭಾರ ಬಿದ್ದಾಗ ತುಂಡಾಗಲೆಂದೇ ಇಟ್ಟಿರುವ ಬೋಲ್ಟಿನ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಿದರೆ, ಅದರ ಬದಲು ಶಾಫ್ಟೇ ತುಂಡಾಗುತ್ತದೆ.

ಸವೆದ ಹಲ್ಲಿಗೆ ಬೆಸುಗೆ ಹಾಕಿಸುವುದು ಅಗ್ಗವೆಂದು ತೋರುತ್ತದೆ. ಆದರೆ ಶಾಫ್ಟ್ ಶಾಖದಿಂದ ಹದಗೊಳಿಸಿದ ಉಕ್ಕು. ಬೆಸುಗೆಯ ಕಾವಿಗೆ ಆ ಹದ ಕೆಟ್ಟು, ಶಾಫ್ಟ್ ಭಾರದ ನಡುವೆ ಮುರಿಯಬಹುದು. ಯೋಕ್‌ಗೂ ಶಾಫ್ಟಿಗೂ ಬೆಸುಗೆ ಹಾಕಿ ಒಂದಾಗಿಸುವುದು ಇನ್ನೂ ಅಪಾಯಕರ.

ಸುರಕ್ಷತೆ

35 ಮಿ.ಮೀ. ಶಾಫ್ಟಿನ ಸುತ್ತಳತೆ ಸುಮಾರು 11 ಸೆಂ.ಮೀ. ಸೆಕೆಂಡಿಗೆ 9 ಸುತ್ತೆಂದರೆ ಒಂದು ಸೆಕೆಂಡಿನಲ್ಲಿ ಹತ್ತಿರ ಹತ್ತಿರ ಒಂದು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಕಣದಲ್ಲಿ ದುಡಿಯುವವರ ಸೀರೆಯ ಸೆರಗು, ಪಂಚೆ, ಟವೆಲ್ ಅಥವಾ ಬಿಚ್ಚಿದ ಕೂದಲು ಸಿಕ್ಕಿದರೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಯೋಕ್‌ನ ಪಿನ್ ಕಳೆದುಹೋದಾಗ ತೂರಿಸುವ ಉದ್ದನೆಯ ಬೋಲ್ಟ್ ಇಂಥ ಅವಘಡಕ್ಕೆ ಕೊಕ್ಕೆಯಾಗುತ್ತದೆ.

ಒಕ್ಕಣೆ ಯಂತ್ರಗಳಲ್ಲಿ ಕೈಕಾಲು ಕಳೆದುಕೊಳ್ಳುವವರು ಹೆಚ್ಚಿದ್ದರಿಂದಲೇ ಕೇಂದ್ರ ಸರ್ಕಾರ 1983ರಲ್ಲಿ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಕಾಯ್ದೆಯನ್ನು ತಂದಿತು. ಕಾನೂನು ಏನೇ ಇರಲಿ, ಕಣದಲ್ಲಿ ಕಾಪಾಡುವುದು ಶಾಫ್ಟಿನ ಮೇಲಿನ ತಗಡಿನ ಮುಚ್ಚಳ ಮತ್ತು ಜಾಯಿಂಟಿನ ಪ್ಲಾಸ್ಟಿಕ್ ಕವಚ. ದುರಸ್ತಿಗೆಂದು ಬಿಚ್ಚಿದ ಈ ಎರಡನ್ನೂ ಮರಳಿ ಜೋಡಿಸಿದಾಗಲೇ ದುರಸ್ತಿ ಪೂರ್ಣವಾಯಿತೆಂದು ತಿಳಿಯಬೇಕು.