ಲಾಯದಲ್ಲಿಟ್ಟ ಕಾಡತೂಸು

ಹೋದ ತಿಂಗಳು ಒಂದು ಭಾನುವಾರ ಆಫೀಸಿನ ಗೆಳೆಯನೊಬ್ಬ ಗಿರಿನಗರದ ನಮ್ಮ ಮನೆಗೆ ಬಂದಿದ್ದ. ಕೊಡಗಿನವನು. ಕಾಫಿ ಕುಡಿಯುತ್ತಾ ಜೇಬಿನಿಂದ ಹಳೇ ಹಿತ್ತಾಳೆಯ ಖಾಲಿ ಕಾಡತೂಸೊಂದನ್ನು ತೆಗೆದು ಟೀಪಾಯಿ ಮೇಲೆ ನಿಲ್ಲಿಸಿದ. ಸೈನ್ಯದಲ್ಲಿದ್ದ ಅವನ ತಾತ ಶೋಕೇಸಿನಲ್ಲಿ ಇಟ್ಟುಕೊಂಡಿದ್ದರಂತೆ. "ಇದರ ಕತ್ತು ನೋಡು" ಅಂದ. ಗುಂಡು ಕೂರುವ ಜಾಗದಲ್ಲಿ ಬಾಯಿಂದ ಕೆಳಕ್ಕೆ ಕೂದಲೆಳೆಯಂಥ ಒಂದು ಸೀಳು.

ನನಗೆ ಕೋವಿ ಗೊತ್ತಿಲ್ಲ. ನಮ್ಮೂರಲ್ಲಿ ಹಂದಿ ಓಡಿಸೋಕೆ ಪಟಾಕಿ ಹೊಡೀತಿದ್ರು, ಅಷ್ಟೇ. ಆದರೆ ಅಂಥ ಸೀಳನ್ನು ನಾನು ಮೊದಲೇ ನೋಡಿದ್ದೆ. ಕಾಡತೂಸಿನಲ್ಲಲ್ಲ, ಅವ್ವನ ಬಿಂದಿಗೆಯಲ್ಲಿ. ಅದಕ್ಕೆ ಆಮೇಲೆ ಬರ್ತೀನಿ.

ಕಾಡತೂಸು ಅಂದ್ರೆ ನಮ್ಮಂಥವರಿಗೆ ನೆನಪಾಗೋದು 1857. ಕೊಬ್ಬು ಸವರಿದ ಕಾಗದದ ಕಾಡತೂಸು, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು, ಸಿಪಾಯಿಗಳು ತಿರುಗಿಬಿದ್ದರು. ಆ ಕಾಗದ ಹೋಗಿ ಲೋಹ ಬಂದ ಮೇಲೆ ಏನಾಯ್ತು ಅನ್ನೋದು ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ. 1866ರಲ್ಲಿ ಬ್ರಿಟಿಷರು ಸ್ನೈಡರ್ ಬಂದೂಕಿಗಾಗಿ ತೆಳು ಹಿತ್ತಾಳೆ ತಗಡು ಸುತ್ತಿ ಮಾಡಿದ ಕಾಡತೂಸು ತಂದರು. ಬಾಕ್ಸರ್ ಎಂಬ ಸೇನಾಧಿಕಾರಿ ರೂಪಿಸಿದ್ದು. ಮುಂದೆ ಅದೂ ಹೋಗಿ, ಒಂದೇ ತುಂಡು ಹಿತ್ತಾಳೆಯಿಂದ ಎಳೆದು ಮಾಡಿದ್ದು ಬಂತು. ಒಂದು ಬಿಲ್ಲೆಯನ್ನು ಬಟ್ಟಲಿನ ಹಾಗೆ ಒತ್ತಿ, ಅಚ್ಚಿನಿಂದ ಅಚ್ಚಿಗೆ ಎಳೆದು ಉದ್ದ ಮಾಡಿ, ಕೊನೆಗೆ ಕತ್ತು ಕಿರಿದು ಮಾಡಿ ಗುಂಡನ್ನು ಬಿಗಿಯಾಗಿ ಕಚ್ಚಿಸೋದು. ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಈ ಪ್ರಮಾಣದ ಹಿತ್ತಾಳೆಗೆ ಇವತ್ತಿಗೂ ಕಾರ್ಟ್ರಿಜ್ ಬ್ರಾಸ್ ಅಂತಲೇ ಹೆಸರು.

ಮಾಡಿದಾಗ ಮಾಲು ಚೆನ್ನಾಗಿಯೇ ಇತ್ತು. ಎಡವಟ್ಟಾಗಿದ್ದು ಇಂಡಿಯಾದ ಮಳೆಗಾಲದಲ್ಲಿ. ಮಳೆ ಹಿಡಿದರೆ ಸೈನ್ಯದ ಓಡಾಟ ಕಡಿಮೆ. ಮದ್ದುಗುಂಡನ್ನು ಕುದುರೆ ಲಾಯಗಳಲ್ಲಿ ಇಟ್ಟುಬಿಡುತ್ತಿದ್ದರು. ಮಳೆ ಮುಗಿದ ಮೇಲೆ ತೆಗೆದು ನೋಡಿದರೆ, ಒಂದು ಸಲವೂ ಹಾರಿಸದ ಕಾಡತೂಸುಗಳು ಬಿರುಕು ಬಿಟ್ಟಿವೆ. ಅದೂ ಹೆಚ್ಚಾಗಿ ಗುಂಡನ್ನು ಕಚ್ಚಿ ಹಿಡಿದ ಕತ್ತಿನಲ್ಲೇ. ಯಾರೂ ಮುಟ್ಟಿಲ್ಲ, ಬೀಳಿಸಿಲ್ಲ. ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು ಬಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡೆವಲಪರ್ ಮಷೀನಿನಲ್ಲಿ ಓಡುತ್ತೆ, ಪ್ರೊಡಕ್ಷನ್‌ನಲ್ಲಿ ಬೀಳುತ್ತೆ.

ಬೆಂಗಳೂರಿನವರಿಗೆ ಈ ಲಾಯಗಳು ದೂರದ ಮಾತಲ್ಲ. 1809ರಲ್ಲಿ ಇಲ್ಲಿ ದಂಡು ಪ್ರದೇಶ ಶುರುವಾಯಿತು, ಕುದುರೆ ಪಡೆಗಳು ಬಂದು ಹೋಗುತ್ತಲೇ ಇದ್ದವು. 1896ರಲ್ಲಿ ಚರ್ಚಿಲ್ ಇಲ್ಲಿಗೆ ಬಂದದ್ದೂ 4ನೇ ಹುಸಾರ್ಸ್ ಎಂಬ ಕುದುರೆ ರೆಜಿಮೆಂಟಿನ ಜೊತೆ. ಕ್ಲಬ್ಬಿನಲ್ಲಿ ಅವನು ಬಾಕಿ ಉಳಿಸಿ ಹೋದ 13 ರೂಪಾಯಿಯನ್ನು ನಾವು ಇನ್ನೂ ನೆನಪಿಟ್ಟಿದ್ದೀವಿ. ಅವನ ರೆಜಿಮೆಂಟಿನ ಲಾಯ ಎಲ್ಲಿತ್ತು ಅಂತ ಕೇಳಿದವರನ್ನು ನಾನು ಕಂಡಿಲ್ಲ.

ಕಾರಣ ಸ್ಪಷ್ಟವಾಗಿದ್ದು 1921ರಲ್ಲಿ. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿವರಿಸಿದರು: ಕುದುರೆ ಮೂತ್ರ. ಮೂತ್ರ ಕೊಳೆತರೆ ಅಮೋನಿಯಾ. ಕೊಟ್ಟಿಗೆಯಲ್ಲಿ ಬೆಳಗ್ಗೆ ಕಣ್ಣುರಿಸುತ್ತಲ್ಲ, ಅದೇ. ಅದು ಮಳೆಗಾಲದ ತೇವದ ಜೊತೆ ಸೇರಿ ಹಿತ್ತಾಳೆಯಲ್ಲಿರೋ ತಾಮ್ರವನ್ನು ತಿನ್ನುತ್ತೆ. ಪಿಯುಸಿ ಲ್ಯಾಬಿನಲ್ಲಿ ತಾಮ್ರದ ಲವಣಕ್ಕೆ ಅಮೋನಿಯಾ ಹಾಕಿದಾಗ ಕಡುನೀಲಿ ಆಗುತ್ತಿದ್ದದ್ದು ನೆನಪಿದೆಯಾ? ಆ ನಂಟೇ ಇದು.

ಆದರೆ ಬರೀ ಅಮೋನಿಯಾ ಸಾಲದು. ಹಿತ್ತಾಳೆಯನ್ನು ತಣ್ಣಗಿರುವಾಗಲೇ ಎಳೆದರೆ, ಒತ್ತಿದರೆ ಅದು ಗಡುಸಾಗುತ್ತೆ, ಒಳಗೆ ಒಂದು ಬಿಗಿ ಉಳಿದುಬಿಡುತ್ತೆ. ಹೊರಗಿನಿಂದ ಫಳಫಳ, ಒಳಗೆ ಎಳೆದು ಕಟ್ಟಿದ ಹಗ್ಗ. ಅಮೋನಿಯಾ ಒಂದು ಗೀರು ಎಳೆದರೆ ಸಾಕು, ಉಳಿದದ್ದನ್ನು ಆ ಬಿಗಿಯೇ ಸೀಳುತ್ತೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಬಿರುಕು ಇಲ್ಲ. ಬಗ್ ಇಷ್ಟು ದಿನ ಸಿಗದೇ ಇದ್ದದ್ದು ಅದಕ್ಕೇ ಇರಬೇಕು. ತಯಾರಿಸಿದವರ ಕಣ್ಣಿಗೆ ಲಾಯ ಇಲ್ಲ, ಲಾಯದಲ್ಲಿದ್ದವರಿಗೆ ಅಚ್ಚಿನ ಕಥೆ ಗೊತ್ತಿಲ್ಲ.

ಪರಿಹಾರವೇನೋ ಸರಳ. ಹದವಾಗಿ ಕಾಯಿಸಿ ಬಿಗಿ ಸಡಿಲಿಸೋದು. ಕಾಡತೂಸಿನಲ್ಲಿ ಕತ್ತು ಮಾತ್ರ ಮೆತ್ತಗಾಗಬೇಕು, ತಳ ಗಡುಸಾಗಿಯೇ ಇರಬೇಕು, ಹಾರಿಸುವಾಗಿನ ಒತ್ತಡ ತಡೆಯೋದು ಅದೇ. ಸೈನ್ಯದ ಕೆಲವು ಕಾಡತೂಸುಗಳ ಕತ್ತಿನ ಹತ್ತಿರ ಕಾಣುವ ನೀಲಿ ಛಾಯೆ ಈ ಕಾಯಿಸಿದ ಗುರುತು.

ಗೆಳೆಯ ಮಾತ್ರ ಒಪ್ಪಲಿಲ್ಲ. ಅವನ ತಾತನ ಕಾಡತೂಸಿನ ಹಿಂದೆ ಪಿನ್ನು ಹೊಡೆದ ಗುಂಡಿ ಇತ್ತು, ಅಂದರೆ ಹಾರಿಸಿದ್ದೇ. ಹೊರದೇಶಗಳಲ್ಲಿ ಖಾಲಿ ಕೇಸಿಗೆ ಮತ್ತೆ ಮದ್ದು ತುಂಬುವ ಹವ್ಯಾಸಿಗಳಿಗೆ ಇದು ಹಳೇ ತಲೆನೋವಂತೆ: ಪ್ರತಿ ಸಲ ಹಾರಿಸಿದಾಗ ಕತ್ತು ಉಬ್ಬುತ್ತೆ, ಮತ್ತೆ ಒತ್ತಿ ಕಿರಿದು ಮಾಡ್ತಾರೆ, ಉಬ್ಬಿ ಕುಗ್ಗಿ ಗಡುಸಾಗಿ ಒಂದು ದಿನ ಸೀಳುತ್ತೆ. ಅವರೂ ಆಗಾಗ ಕತ್ತನ್ನು ಕಾಯಿಸ್ತಾರೆ. (ನಮ್ಮಲ್ಲಿ ಪರವಾನಗಿ ಇಲ್ಲದೆ ಕಾಡತೂಸು ತಯಾರಿಸೋದು 1959ರ ಆಯುಧ ಕಾಯ್ದೆ ಪ್ರಕಾರ ಅಪರಾಧ, ಯಾರೂ ಟ್ರೈ ಮಾಡೋಕೆ ಹೋಗಬೇಡಿ.) ಸರಿ, ಅವನ ತಾತನದು ಆ ಸೀಳೇ ಇರಲಿ. ನನ್ನ ತಲೆಯಲ್ಲಿ ಕೊರೀತಿದ್ದದ್ದು ಬಿಂದಿಗೆ.

ನಮ್ಮೂರು ನಾಗಮಂಗಲದ ಕಡೆ, ಹಿತ್ತಾಳೆ ಕೆಲಸಕ್ಕೆ ಹೆಸರಾದ ಸೀಮೆ. ಅವ್ವ ಮದುವೆಯಾಗಿ ಬಂದಾಗ ತವರಿನವರು ಕೊಟ್ಟ ಬಿಂದಿಗೆ ಅದು. ದಿನಬಳಕೆಗೆ ಬೇಡ ಅಂತ ಅಜ್ಜಿ ಅದನ್ನು ಕೊಟ್ಟಿಗೆ ಮೇಲಿನ ಅಟ್ಟದಲ್ಲಿ ಇಡಿಸಿದ್ದಳು. ಕೆಳಗೆ ನಾಲ್ಕು ದನ, ಗಂಜಲ ನಿಲ್ಲುವ ನೆಲ. ಒಂದು ವರ್ಷ ಮಳೆ ಮುಗಿದು ಮಾರ್ನಮಿಗೆ ತೊಳೆಯಲು ಇಳಿಸಿದಾಗ ಕತ್ತಿನಲ್ಲಿ ಉದ್ದಕ್ಕೆ ಸೀಳು. ಅಜ್ಜಿ ಒಂದೇ ಮಾತು: "ಎತ್ತಾಕವ್ಳೆ." ಅವ್ವ ಇಲ್ಲ ಅಂದಳು. ಬೀಳಿಸಿದ್ದರೆ ನೆಗ್ಗಬೇಕಿತ್ತು, ನೆಗ್ಗಿರಲಿಲ್ಲ. ಅದನ್ನು ಅಪ್ಪನೂ ನೋಡಲಿಲ್ಲ, ಏಳು ವರ್ಷದ ನಾನೂ ಹೇಳಲಿಲ್ಲ. ಅಜ್ಜಿ ಸಾಯುವವರೆಗೆ ಮನೆಯಲ್ಲಿ ಯಾವ ಪಾತ್ರೆ ಸದ್ದಾದರೂ ಆ ಬಿಂದಿಗೆ ಎದ್ದು ಬರುತ್ತಿತ್ತು.

ಆ ಭಾನುವಾರ ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಕುದುರೆ, ಗಂಜಲ, 1921, ಎಲ್ಲಾ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಬೀಳಿಸಿಲ್ಲ ಅಂತ ಅವತ್ತೇ ಹೇಳಿದ್ನಲ್ಲಪ್ಪ."

ಬಿಂದಿಗೆ ಈಗ ಎಲ್ಲಿದೆ ಅಂತ ಕೇಳಿದೆ. ಅಜ್ಜಿ ಹೋದ ವರ್ಷವೇ ಗುಜರಿಯವನಿಗೆ ತೂಕಕ್ಕೆ ಹಾಕಿದಳಂತೆ. "ಅವ್ನೂ ಒಡಕು ಅಂತ ದುಡ್ಡು ಮುರ್ಕೊಂಡ."